ಬೈಕಿನ ಪಕ್ಕ ನಿಂತ ಹುಡುಗಿ ಯಾರಿಗೆ ಏನು ಹೇಳುತ್ತಾಳೆ?

ತುಂಡುಡುಗೆಯ ಹುಡುಗಿಯೊಬ್ಬಳು ಬೈಕಿನ ಟ್ಯಾಂಕಿನ ಮೇಲೆ ಕೈಯೂರಿ ನಿಂತಿರುವ ಪೋಸ್ಟರನ್ನು ನೀವು ನೋಡಿಯೇ ಇರುತ್ತೀರಿ. ಮುಂಬಯಿ, ಪುಣೆ ಕಡೆ ಬೈಕ್ ಆಕ್ಸೆಸರಿ ಅಂಗಡಿಗಳ ಗೋಡೆಯಲ್ಲಿ, ಗ್ಯಾರೇಜುಗಳ ಕ್ಯಾಲೆಂಡರಿನಲ್ಲಿ, ಬೈಕ್ ಮೇಳಗಳ ಮಳಿಗೆಯಲ್ಲಿ ಅವಳು ಸಿಗುತ್ತಾಳೆ. ಕಾಲಲ್ಲಿ ಹೈ ಹೀಲ್ಸ್. ತಲೆಯಲ್ಲಿ ಹೆಲ್ಮೆಟ್ ಇಲ್ಲ, ಕೈಯಲ್ಲಿ ಗ್ಲವ್ಸ್ ಇಲ್ಲ. ಆ ಚಪ್ಪಲಿಯಲ್ಲಿ ಗೇರ್ ಬದಲಿಸುವುದು ಕಷ್ಟ. ಅವಳು ಆ ಬೈಕನ್ನು ಓಡಿಸುವವಳಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ತಿಳಿಯಲಿ ಎಂದೇ ಹಾಗೆ ನಿಲ್ಲಿಸಿರುತ್ತಾರೆ.

ಈ ಚಿತ್ರದ ಮಾತು ಬಂದಾಗಲೆಲ್ಲ ಎರಡು ಗುಂಪುಗಳಾಗುತ್ತವೆ. ಒಂದು ಗುಂಪು "ಇದು ಅಶ್ಲೀಲ, ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ" ಎನ್ನುತ್ತದೆ. ಇನ್ನೊಂದು "ಚೆಂದದ ಹುಡುಗಿಯ ಚಿತ್ರ ಹಾಕಿದರೆ ಯಾರ ಗಂಟು ಹೋಯಿತು? ಬೈಕು ಗಂಡಸರ ಶೋಕಿ, ಗಂಡಸರಿಗೆ ಇಷ್ಟವಾಗುವುದನ್ನೇ ಹಾಕುತ್ತಾರೆ" ಎನ್ನುತ್ತದೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಮೊದಲನೆಯವರು ಬಟ್ಟೆ ಎಷ್ಟಿದೆ ಎಂದು ಅಳೆಯುತ್ತಾರೆ. ಎರಡನೆಯವರು ತಾವು ಸಾಬೀತು ಮಾಡಬೇಕಾದ ಮಾತನ್ನು ಮೊದಲೇ ನಿಜವೆಂದು ಇಟ್ಟುಕೊಂಡು ಹೊರಡುತ್ತಾರೆ. ಹವ್ಯಾಸದ ಸರಕನ್ನು ಮಾರಲು ಹೆಣ್ಣಿನ ಮೈಯನ್ನು ಬಳಸಿದಾಗ ಆ ಚಿತ್ರ ಪಾತ್ರಗಳನ್ನು ಹಂಚುತ್ತದೆ: ಇವನು ಮಾಡುವವನು, ಇವಳು ನೋಡಿಸಿಕೊಳ್ಳುವವಳು. ಆ ಹಂಚಿಕೆ ಕಂಡ ಹೆಂಗಸರು ದೂರ ಉಳಿಯುತ್ತಾರೆ. ಆಮೇಲೆ ಅವರು ದೂರ ಉಳಿದದ್ದನ್ನೇ ತೋರಿಸಿ, "ನೋಡಿ, ಹೆಂಗಸರಿಗೆ ಇದರಲ್ಲಿ ಹುಟ್ಟಾ ಆಸಕ್ತಿಯಿಲ್ಲ" ಎನ್ನುತ್ತಾರೆ. ಈ ಸುತ್ತು ಹೇಗೆ ತಿರುಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಯಾವುದೇ ಜಾಹೀರಾತು ಕಣ್ಣಿಗೆ ಬಿದ್ದಾಗ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಬಗೆಹರಿಯುತ್ತದೆ. ಚಿತ್ರದಲ್ಲಿರುವವರು ಆ ಹವ್ಯಾಸದಲ್ಲಿ ತೊಡಗಿದ್ದಾರೆಯೇ, ಇಲ್ಲ ಹವ್ಯಾಸಿಗೆ ಸಿಗುವ ಬಹುಮಾನವಾಗಿ ನಿಂತಿದ್ದಾರೆಯೇ? ಜಿಮ್ ಪಕ್ಕದ ಅಂಗಡಿಯ ಪ್ರೋಟೀನ್ ಡಬ್ಬಿಯ ಮೇಲೆ ಅಂಗಿಯಿಲ್ಲದ ಗಂಡಸು ಇರುತ್ತಾನೆ. ಅವನದೂ ಅರೆಬೆತ್ತಲೆ ಮೈ. ಆದರೆ ಅವನು ಗಿರಾಕಿಗೆ ಹೇಳುವುದು "ನೀನೂ ಹೀಗಾಗಬಹುದು" ಎಂದು. ಬೈಕಿನ ಪಕ್ಕದ ಹುಡುಗಿ ಹೇಳುವುದು "ನಿನಗೆ ಇಂಥವಳು ಸಿಗಬಹುದು" ಎಂದು. ಮೊದಲನೆಯದರಿಂದ ಎಳೆಯ ಹುಡುಗರು ತಮ್ಮ ಮೈಯನ್ನು ತಾವೇ ಹೀಗಳೆಯುವಂತಾಗುತ್ತದೆ, ಅದೇನು ಸಣ್ಣ ಹಾನಿಯಲ್ಲ. ಆದರೂ ಅವರಿಗೆ ಜಿಮ್ಮಿನ ಬಾಗಿಲು ತೆರೆದೇ ಇರುತ್ತದೆ. ಎರಡನೆಯ ಚಿತ್ರದ ಮುಂದೆ ನಿಂತ ಹುಡುಗಿಗೆ ಒಳಗೆ ಹೋಗಲು ಜಾಗವೇ ಕಾಣುವುದಿಲ್ಲ. ಹೋದರೂ ನೋಡಿಸಿಕೊಳ್ಳುವವಳಾಗಿಯೇ ಹೋಗಬೇಕು.

ಸೌಂದರ್ಯಕ್ಕೂ ಈ ತೊಂದರೆಗೂ ಸಂಬಂಧವಿಲ್ಲ ಎನ್ನಲು ಕೊಡಾಕ್ ಕಂಪನಿಯ ಹಳೆಯ ಜಾಹೀರಾತುಗಳನ್ನು ನೋಡಬಹುದು. 1888ರಲ್ಲಿ ಜನಸಾಮಾನ್ಯರ ಕ್ಯಾಮೆರಾ ತಂದ ಆ ಕಂಪನಿ 1893ರ ಹೊತ್ತಿಗೆ ‘ಕೊಡಾಕ್ ಗರ್ಲ್’ ಎಂಬ ಪಾತ್ರವನ್ನು ಹುಟ್ಟುಹಾಕಿತು. ಅವಳು ಚೆಲುವೆ, ಫ್ಯಾಷನ್ ಬಲ್ಲವಳು, ಮುಂದಿನ ದಶಕಗಳಲ್ಲಿ ಪಟ್ಟೆ ಪಟ್ಟೆ ಉಡುಪಿನಿಂದಲೇ ಗುರುತಿಸಿಕೊಂಡವಳು. ಗಿರಾಕಿಯ ಕಣ್ಣು ಸೆಳೆಯಲೆಂದೇ ಅವಳನ್ನು ಬರೆಯುತ್ತಿದ್ದರು. ಆದರೆ ಕ್ಯಾಮೆರಾ ಅವಳ ಕೈಯಲ್ಲಿತ್ತು. ಪ್ರವಾಸ ಹೊರಟವಳು, ಸಮುದ್ರದ ದಂಡೆಯಲ್ಲಿ ನಿಂತವಳು, ಮನೆಯವರ ಫೋಟೊ ತೆಗೆಯುವವಳು ಅವಳೇ. ಹೆಂಗಸರು ಕ್ಯಾಮೆರಾ ಕೊಳ್ಳುತ್ತಾರೆ ಎಂದು ನಂಬಿದ ಕಂಪನಿ ಮಾಡಿದ ಚಿತ್ರ ಅದು.

ಪುಣೆಯ ನಾನಾ ಪೇಠೆ ದ್ವಿಚಕ್ರ ವಾಹನದ ಬಿಡಿಭಾಗಗಳಿಗೆ ಹೆಸರಾದ ಜಾಗ. ಅಲ್ಲಿನ ಒಂದು ಹೆಲ್ಮೆಟ್ ಅಂಗಡಿಗೆ ಗೆಳತಿಯ ಜೊತೆ ಹೋಗಿದ್ದೆ. ಅವಳು ಧಾರವಾಡದವಳು, ಪುಣೆಯ ಐಟಿ ಕಂಪನಿಗಳ ತಾಣವಾದ ಹಿಂಜವಡಿಯಲ್ಲಿ ನೌಕರಿ, 350 ಸಿಸಿ ಗಾಡಿ ಅವಳ ಸ್ವಂತದ್ದು. ಕೌಂಟರಿನಲ್ಲಿದ್ದವರು ವಿಜಯಪುರದ ಕಡೆಯವರು. ನಾವು ಕನ್ನಡ ಮಾತಾಡುವುದು ಕೇಳಿ ಸಂತೋಷದಿಂದ ಎದ್ದು ಬಂದರು.

"ಬರ್ರಿ ಅಕ್ಕಾರ. ಯಜಮಾನ್ರು ಯಾವ ಗಾಡಿ ಓಡಸ್ತಾರ್ರಿ? ಅವರ ಸೈಜ್ ಗೊತ್ತೈತೇನ್ರಿ?"

"ಹೆಲ್ಮೆಟ್ ನನಗ ಬೇಕಾಗೇತ್ರಿ ಅಣ್ಣಾರ."

"ಹಂಗೇನ್ರಿ! ಹಂಗಿದ್ರ ಹೆಣ್ಮಕ್ಕಳವು ಆ ಕಡೆ ಅದಾವ ನೋಡ್ರಿ."

ಆ ಕಡೆ ಇದ್ದವು ಗುಲಾಬಿ, ನೇರಳೆ ಬಣ್ಣದ ಅರ್ಧ ಮುಖದ ಹೆಲ್ಮೆಟ್‌ಗಳು, ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿಬರುವವರಿಗೆ ಸಾಕಾಗುವಂಥವು. ಅವಳಿಗೆ ಬೇಕಾದದ್ದು ಇಡೀ ಮುಖ ಮುಚ್ಚುವ ಫುಲ್ ಫೇಸ್, ತಲೆಯ ಸುತ್ತಳತೆ 540 ಮಿಲಿಮೀಟರ್ ಇದ್ದವರಿಗೆ ಹೊಂದುವಂಥದು. ಅಂಗಡಿಯಲ್ಲಿದ್ದ ಫುಲ್ ಫೇಸ್‌ಗಳು 580ರಿಂದ ಶುರುವಾಗುತ್ತಿದ್ದವು. ಹಾಕಿ ನೋಡಿದಳು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡುತ್ತಿತ್ತು. ಬಿದ್ದಾಗ ಅಂಥ ಹೆಲ್ಮೆಟ್ ತಲೆಯಲ್ಲಿ ನಿಲ್ಲುವ ಭರವಸೆಯಿಲ್ಲ. ರೈಡಿಂಗ್ ಜಾಕೆಟ್ ಹೆಂಗಸರ ಅಳತೆಯದು ಇದೆಯೇ ಎಂದರೆ, "ಆರ್ಡರ್ ಕೊಟ್ರ ತರಿಸಿ ಕೊಡ್ತೀನ್ರಿ, ಯಾರೂ ಕೇಳಂಗಿಲ್ಲ ನೋಡ್ರಿ" ಎಂದರು. ಒಳ್ಳೆಯ ಮನುಷ್ಯ, ಚಹಾ ತರಿಸಿ ಕುಡಿಸಿಯೇ ಕಳಿಸಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ನಾನು ಮೊದಲು ಹೇಳಿದ ಪೋಸ್ಟರ್ ಇತ್ತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ, ಇದು ಚರ್ಚೆಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಜಾಹೀರಾತು ಗಿರಾಕಿಗೆ ಮಾತ್ರ ಮಾತಾಡುವುದಿಲ್ಲ. ಡೀಲರ್, ಅಂಗಡಿಯವ, ಮೆಕ್ಯಾನಿಕ್, ಕಂಪನಿಯ ಡಿಸೈನರ್ ಎಲ್ಲರಿಗೂ "ನಿಮ್ಮ ಗಿರಾಕಿ ಇಂಥವನು" ಎಂದು ಹೇಳುತ್ತದೆ. ಅದನ್ನು ನಂಬಿ ಅಂಗಡಿಯವರು 580ರಿಂದ ಮೇಲಿನ ಹೆಲ್ಮೆಟ್ ತರಿಸುತ್ತಾರೆ. ಬಂದ ಹೆಂಗಸಿಗೆ ಅಳತೆ ಸಿಗುವುದಿಲ್ಲ, ವಾಪಸ್ ಹೋಗುತ್ತಾಳೆ. "ಯಾರೂ ಕೇಳಂಗಿಲ್ಲ" ಎಂಬ ಮಾತು ಹೀಗೆ ನಿಜವಾಗುತ್ತಾ ಹೋಗುತ್ತದೆ.

ಇಷ್ಟಾದರೂ ಈ ಚಿತ್ರಗಳಿಂದ ವ್ಯಾಪಾರವಾದರೂ ಆಗುತ್ತದೆಯೇ? ಆಗುತ್ತದೆ ಎಂಬ ನಂಬಿಕೆಗೆ ಒಂದು ಹಳೆಯ ಆಧಾರವಿದೆ. 1968ರಲ್ಲಿ ಅಮೆರಿಕದ ಸ್ಮಿತ್ ಮತ್ತು ಎಂಗೆಲ್ ಎಂಬ ಸಂಶೋಧಕರು ಒಂದೇ ಕಾರಿನ ಜಾಹೀರಾತನ್ನು ಎರಡು ಬಗೆಯಲ್ಲಿ ತೋರಿಸಿದರು: ಒಂದರಲ್ಲಿ ಕಾರು ಮಾತ್ರ, ಇನ್ನೊಂದರಲ್ಲಿ ಕಾರಿನ ಮುಂದೆ ಆಕರ್ಷಕ ಉಡುಪಿನ ಹುಡುಗಿ. ಹುಡುಗಿಯಿದ್ದ ಚಿತ್ರ ನೋಡಿದವರು ಅದೇ ಕಾರನ್ನು ಹೆಚ್ಚು ವೇಗದ್ದು, ಹೆಚ್ಚು ಬೆಲೆಯದ್ದು, ಹೆಚ್ಚು ಚೆಂದದ್ದು ಎಂದು ಅಂದಾಜು ಮಾಡಿದರು. ಹುಡುಗಿಯಿಂದಾಗಿ ಹಾಗನ್ನಿಸಿತೇ ಎಂದು ಕೇಳಿದರೆ ಬಹುತೇಕರು ಒಪ್ಪಲಿಲ್ಲ. ಚಿತ್ರದ ಕೆಲಸ ನೋಡುವವನ ಅರಿವಿಗೆ ಬಾರದೆ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. "ನನ್ನ ಮೇಲೆ ಇದರ ಪ್ರಭಾವ ಏನೂ ಇಲ್ಲ" ಎನ್ನುವವರ ಮಾತನ್ನು ನಾನು ಅಷ್ಟಾಗಿ ನೆಚ್ಚಿಕೊಳ್ಳದಿರುವುದು ಇದೇ ಕಾರಣಕ್ಕೆ.

ಆದರೆ ಮೆಚ್ಚುವುದು ಬೇರೆ, ಕೊಳ್ಳುವುದು ಬೇರೆ. 2015ರಲ್ಲಿ ಲಲ್ ಮತ್ತು ಬುಷ್ಮನ್ ಎಂಬ ಮನಃಶಾಸ್ತ್ರಜ್ಞರು 53 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಪಾಲ್ಗೊಂಡವರು ಸುಮಾರು 8,500 ಮಂದಿ. ಲೈಂಗಿಕ ಆಕರ್ಷಣೆ ಬಳಸಿದ ಜಾಹೀರಾತುಗಳ ಬ್ರ್ಯಾಂಡುಗಳ ಬಗ್ಗೆ ಜನರ ಅಭಿಪ್ರಾಯ ಇಳಿಮುಖವಾಗಿತ್ತು. 2018ರಲ್ಲಿ ಪ್ರಕಟವಾದ ವಿರ್ಟ್ಸ್ ಮತ್ತು ಜೊತೆಗಾರರ ಇಂಥದೇ ಅಧ್ಯಯನದಲ್ಲಿ ಕಂಡದ್ದು ಇನ್ನೂ ಸ್ವಾರಸ್ಯದ್ದು. ಅಂಥ ಜಾಹೀರಾತು ಜನರಿಗೆ ನೆನಪಿರುತ್ತದೆ, ಅದು ಯಾವ ಬ್ರ್ಯಾಂಡಿನದು ಎಂಬುದು ಮಾತ್ರ ಹೆಚ್ಚು ನೆನಪಿರುವುದಿಲ್ಲ. ಗಂಡಸರಿಗೆ ಇಷ್ಟವಾಗುತ್ತದೆ, ಹೆಂಗಸರಿಗೆ ಆಗುವುದಿಲ್ಲ, ಕೊಳ್ಳುವ ಮನಸ್ಸು ಒಟ್ಟಾರೆಯಾಗಿ ಹೆಚ್ಚುವುದಿಲ್ಲ. ಕಣ್ಣು ಹುಡುಗಿಯ ಮೇಲೆ ನಿಂತಿರುತ್ತದೆ, ಸರಕಿನ ಮೇಲೆ ಹೋಗುವುದೇ ಇಲ್ಲ.

ಮತ್ತೂ ಕಂಪನಿಗಳು ಇದನ್ನು ಬಿಡುವುದಿಲ್ಲ ಏಕೆ? ಪ್ರತಿಸ್ಪರ್ಧಿ ಮಾಡುತ್ತಾನೆಂದು ಇವರೂ ಮಾಡುತ್ತಾರೆ. ಕ್ಯಾಲೆಂಡರ್ ಎಂಬುದು ಗಂಡಸರು ಗಂಡಸರಿಗೆ ಕೊಡುವ ವ್ಯಾಪಾರದ ಉಡುಗೊರೆಯಾಗಿಯೂ ಬೆಳೆದು ಬಂದಿದೆ. ಟೈರ್ ಕಂಪನಿ ಪಿರೆಲ್ಲಿ 1964ರಿಂದ ಆಯ್ದ ಗಿರಾಕಿಗಳಿಗೆ ಹಂಚುತ್ತಾ ಬಂದ ಕ್ಯಾಲೆಂಡರ್ ಅದರ ದೊಡ್ಡ ಮಾದರಿ. ಎಲ್ಲಕ್ಕಿಂತ ಮುಖ್ಯವಾಗಿ ಇದರಿಂದ ಆಗುವ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಅಂಗಡಿಗೆ ಬಾರದೇ ಹೋದ ಗಿರಾಕಿಯ ಹೆಸರು ಯಾವ ಖಾತೆಯಲ್ಲೂ ಇರುವುದಿಲ್ಲವಲ್ಲ.

ಈಗ ಇಡೀ ವಿಷಯದ ಗಂಟಿಗೆ ಬರೋಣ. "ಹೆಂಗಸರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ, ಹಾಗಾಗಿ ಅವರಿಗಾಗಿ ಜಾಹೀರಾತು ಮಾಡುವುದಿಲ್ಲ" ಎಂಬ ವಾದವನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು, ಏಕೆಂದರೆ ಅದರಲ್ಲಿ ಸತ್ಯಾಂಶವಿದೆ. 2009ರಲ್ಲಿ ರಾಂಗ್ ಸೂ ಮತ್ತು ಸಂಗಡಿಗರು ಐದು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳಿದ್ದ ಆಸಕ್ತಿ ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಸರಾಸರಿಯಲ್ಲಿ ಗಂಡಸರು ಯಂತ್ರದಂಥ ವಸ್ತುಗಳ ಕೆಲಸದ ಕಡೆಗೂ ಹೆಂಗಸರು ಜನರೊಡನೆ ಮಾಡುವ ಕೆಲಸದ ಕಡೆಗೂ ಒಲಿದಿದ್ದರು. ಅಂತರ ಸಣ್ಣದೇನಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ.

ಇದರ ಜೊತೆಗಿಟ್ಟು ನೋಡಬೇಕಾದ ಇನ್ನೊಂದು ಕೆಲಸ ಜಾನೆಟ್ ಹೈಡ್ ಅವರದು. ಹೆಣ್ಣು-ಗಂಡಿನ ಮಾನಸಿಕ ವ್ಯತ್ಯಾಸಗಳ ಬಗ್ಗೆ ಆವರೆಗೆ ನಡೆದಿದ್ದ 46 ದೊಡ್ಡ ವಿಶ್ಲೇಷಣೆಗಳನ್ನು 2005ರಲ್ಲಿ ಅವರು ಪರಿಶೀಲಿಸಿದರು. ಅಳೆದ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಸಣ್ಣವು ಅಥವಾ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೊಡ್ಡ ವ್ಯತ್ಯಾಸ ಕಂಡದ್ದು ಚೆಂಡನ್ನು ದೂರ ಎಸೆಯುವಂಥ ದೈಹಿಕ ಕೆಲಸಗಳಲ್ಲಿ, ಲೈಂಗಿಕ ನಡವಳಿಕೆಯ ಕೆಲವು ಅಂಶಗಳಲ್ಲಿ. ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿಯಲ್ಲೂ ಗಂಡಸರ ಸರಾಸರಿ ಮುಂದಿತ್ತು.

ಈ ಕೊನೆಯದರ ಕಥೆ ಮುಂದುವರಿಯುತ್ತದೆ. 2007ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ವಿಡಿಯೊ ಗೇಮ್ ಆಡದ ಹುಡುಗ ಹುಡುಗಿಯರನ್ನು ಕೂರಿಸಿ ಹತ್ತು ಗಂಟೆ ಆ್ಯಕ್ಷನ್ ಗೇಮ್ ಆಡಿಸಿದರು. ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಇಬ್ಬರ ಅಂಕಗಳೂ ಏರಿದವು, ಹುಡುಗಿಯರದು ಹೆಚ್ಚು ಏರಿತು, ನಡುವಿನ ಅಂತರ ಬಹಳಷ್ಟು ಕುಗ್ಗಿತು. ಹತ್ತು ಗಂಟೆ ಎಂದರೆ ಎರಡು ರವಿವಾರದ ಮಧ್ಯಾಹ್ನ. ಯಾವ ಹವ್ಯಾಸಕ್ಕೆ ಹುಡುಗಿಯರು ತಕ್ಕವರಲ್ಲ ಎಂದು ಹೇಳುತ್ತೇವೆಯೋ ಅದೇ ಹವ್ಯಾಸ ಆ ಶಕ್ತಿಯನ್ನು ಬೆಳೆಸುತ್ತದೆ. ಬಾಲ್ಯದಿಂದ ಆಡುತ್ತಾ ಬಂದ ಹುಡುಗ, ಒಮ್ಮೆಯೂ ಜಾಯ್‌ಸ್ಟಿಕ್ ಮುಟ್ಟದ ಹುಡುಗಿ, ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸಿ ಬಂದ ಅಂಕವನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯುವುದು ಎಷ್ಟು ಸರಿ? ಆಸಕ್ತಿಯ ಪರೀಕ್ಷೆಗಳಿಗೂ ಇದು ಅನ್ವಯಿಸುತ್ತದೆ. ಕೈಯಲ್ಲಿ ಹಿಡಿದು ನೋಡದ ವಸ್ತುವಿನ ಬಗ್ಗೆ ಆಸಕ್ತಿಯಿದೆಯೇ ಎಂದು ಕೇಳಿದರೆ ಬರುವ ಉತ್ತರದಲ್ಲಿ ಹುಟ್ಟುಗುಣ ಎಷ್ಟು, ಅವಕಾಶ ಎಷ್ಟು ಎಂದು ಬೇರೆ ಮಾಡಲಾಗದು.

ಪೋಸ್ಟರಿನಿಂದ ಆಸಕ್ತಿ ಬದಲಾಗುತ್ತದೆ ಎಂದರೆ ಅತಿಯಾಯಿತು ಎನ್ನುವವರಿದ್ದಾರೆ. 2009ರಲ್ಲಿ ಸಪ್ನಾ ಚೆರಿಯನ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ಅವರಿಗೆ ಉತ್ತರವಾಗಬಲ್ಲದು. ಕಂಪ್ಯೂಟರ್ ಸೈನ್ಸ್ ವಿಭಾಗದ ಒಂದು ಕೋಣೆಯಲ್ಲಿ ವಿಜ್ಞಾನ ಕಥೆಯ ಧಾರಾವಾಹಿಯ ಪೋಸ್ಟರ್, ಕಾಮಿಕ್ಸ್, ಗೇಮ್ ಡಬ್ಬಿಗಳನ್ನು ಇಟ್ಟರು. ಇನ್ನೊಮ್ಮೆ ನಿಸರ್ಗದ ಚಿತ್ರ, ನೀರಿನ ಬಾಟಲಿಯಂಥ ಸಾದಾ ವಸ್ತುಗಳನ್ನು ಇಟ್ಟರು. ಕೋಣೆಯಲ್ಲಿ ಕೆಲ ಹೊತ್ತು ಕೂತೆದ್ದ ಹುಡುಗಿಯರು, ಮೊದಲ ಬಗೆಯ ಕೋಣೆಯಲ್ಲಿ ಆ ವಿಷಯದ ಬಗ್ಗೆ ಕಡಿಮೆ ಆಸಕ್ತಿ ತೋರಿದರು. ಹುಡುಗರಲ್ಲಿ ಹಾಗೆ ಆಗಲಿಲ್ಲ. ನೆನಪಿಡಿ, ಅಲ್ಲಿ ತುಂಡುಡುಗೆಯ ಒಂದು ಚಿತ್ರವೂ ಇರಲಿಲ್ಲ. "ಇದು ಯಾರ ಜಾಗ" ಎಂಬ ಸೂಚನೆ ಮಾತ್ರ ಇತ್ತು, ಅಷ್ಟೇ ಸಾಕಾಯಿತು.

ಅಮೆರಿಕದಲ್ಲಿ ಕಂಪ್ಯೂಟರ್ ಪದವಿ ಪಡೆಯುವವರಲ್ಲಿ ಹೆಂಗಸರ ಪಾಲು 1984ರ ಹೊತ್ತಿಗೆ ಸುಮಾರು ಶೇ. 37 ಇತ್ತು, ಅಲ್ಲಿಂದ ಇಳಿಯುತ್ತಾ ಬಂದು 2010ರ ಸುಮಾರಿಗೆ ಅದರ ಅರ್ಧಕ್ಕೆ ಬಂತು. ಮನೆ ಕಂಪ್ಯೂಟರನ್ನು ಹುಡುಗರ ಆಟಿಕೆಯಾಗಿ ಮಾರಿದ್ದು ಆ ಇಳಿತ ಶುರುವಾದ ಕಾಲದಲ್ಲೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಪ್ರವೇಶದ ರೀತಿಯನ್ನೂ ಮೊದಲ ವರ್ಷದ ಪಾಠಗಳನ್ನೂ ಬದಲಿಸಿದಾಗ ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರುವ ಹುಡುಗಿಯರ ಪಾಲು 1995ರ ಶೇ. 7ರಿಂದ 2000ದಲ್ಲಿ ಶೇ. 42ಕ್ಕೆ ಏರಿತು. ಐದು ವರ್ಷದಲ್ಲಿ ಮನುಷ್ಯರ ಮಿದುಳು ಬದಲಾಗುವುದಿಲ್ಲ. ನಮ್ಮ ಕಡೆ ಕಂಪ್ಯೂಟರ್ ಮನೆಗೆ ಬರುವ ಮೊದಲೇ ಡಿಗ್ರಿಯಾಗಿ, ನೌಕರಿಯಾಗಿ ಬಂತು. ಹುಬ್ಬಳ್ಳಿ, ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ತರಗತಿಯಲ್ಲಿ ಕೂತವರಿಗೆ ಗೊತ್ತಿದೆ, ಅಲ್ಲಿ ಹುಡುಗಿಯರಿಗೆ ಬರವಿಲ್ಲ. ಹಿಂಜವಡಿಯ ಕಂಪನಿ ಬಸ್ಸುಗಳನ್ನು ನೋಡಿದರೂ ಸಾಕು.

ಹೆಂಗಸರು ಇದಕ್ಕೆ ತಕ್ಕವರಲ್ಲ ಎಂಬ ವಾದವನ್ನು ಪುಣೆಯಲ್ಲಿ ಬೀದಿಯಲ್ಲೇ ನಿಂತು ಪರೀಕ್ಷಿಸಬಹುದು. ಮುಖಕ್ಕೆ ಸ್ಕಾರ್ಫ್ ಬಿಗಿದು, ಕಣ್ಣಷ್ಟೇ ಕಾಣುವಂತೆ, ಸ್ಕೂಟರಿನಲ್ಲಿ ಸಾಗುವ ಹೆಂಗಸರು ಈ ಊರಿನ ಗುರುತೇ ಆಗಿಬಿಟ್ಟಿದ್ದಾರೆ. ಇದಕ್ಕೆ ಯಂತ್ರಗಳ ಇತಿಹಾಸವಿದೆ. ಇದೇ ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ 50 ಸಿಸಿಯ ಲೂನಾ ಮೊಪೆಡ್ ತಂದಿತು. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರ್ ಬಂತು: ಗೇರ್ ಇಲ್ಲ, ಕಿಕ್ ಹೊಡೆಯಬೇಕಿಲ್ಲ, ಗುಂಡಿ ಒತ್ತಿದರೆ ಚಾಲೂ. ಸೀರೆಯಲ್ಲೂ ಓಡಿಸಬಹುದು. ದಟ್ಟಣೆಯ ಲಕ್ಷ್ಮೀ ರಸ್ತೆಯಲ್ಲಿ, ಮಳೆಗಾಲದ ಗುಂಡಿಗಳ ನಡುವೆ, ಹಿಂದೆ ಮಗು ಮುಂದೆ ತರಕಾರಿ ಚೀಲ ಇಟ್ಟುಕೊಂಡು ಓಡಿಸುವವರಿಗೆ ಗಾಡಿ ಓಡಿಸುವ ಶಕ್ತಿಯಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಅದೇ ಊರಿನ ಆಕುರ್ಡಿಯ ಬಜಾಜ್ ಕಂಪನಿ 2001ರಲ್ಲಿ ಪಲ್ಸರ್ ತಂದಾಗ ಅದರ ಘೋಷವಾಕ್ಯ "ಡೆಫಿನೆಟ್ಲಿ ಮೇಲ್" ಎಂದಿತ್ತು, ಖಂಡಿತವಾಗಿ ಗಂಡು ಎಂದು. ಬೈಕು ಭರ್ಜರಿಯಾಗಿ ಓಡಿತು, ಇಂಜಿನಿಯರಿಂಗೂ ಚೆನ್ನಾಗಿತ್ತು. ಆದರೆ ಆ ಮಾತು ಕೇಳುತ್ತಾ ಬೆಳೆದ ಒಂದು ತಲೆಮಾರಿಗೆ ವಾಹನಗಳ ಲೋಕ ಎರಡು ಭಾಗವಾಯಿತು. ಕೆಲಸಕ್ಕೆ ಹೋಗಿಬರುವ ಸ್ಕೂಟರ್ ಹೆಂಗಸರಿಗೆ, ಸುಮ್ಮನೆ ಸುತ್ತುವ ಸಂತೋಷದ ಬೈಕು ಗಂಡಸರಿಗೆ. ಕೆಲ ವರ್ಷದ ಬಳಿಕ ಹೀರೋ ಹೋಂಡಾದ ಪ್ಲೆಷರ್ ಸ್ಕೂಟರ್ "ಎಲ್ಲ ಮಜವೂ ಹುಡುಗರಿಗೇ ಏಕೆ" ಎಂಬ ಅರ್ಥದ ಘೋಷಣೆಯೊಂದಿಗೆ ಬಂದದ್ದು, ಆ ಗೋಡೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ.

ಜಾಹೀರಾತೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹವ್ಯಾಸಕ್ಕೆ ಬಿಡುವು ಬೇಕು, ಕೈಯಲ್ಲಿ ದುಡ್ಡು ಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಡುವುದು 97 ನಿಮಿಷ. ರವಿವಾರ ಬೆಳಗಿನ ಐದಕ್ಕೆ ಲೋನಾವಳಕ್ಕೆ ಬೈಕ್ ಹೊರಡಿಸಬೇಕಾದರೆ ಮನೆಯ ತಿಂಡಿ ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಬೈಕಿನ ತೂಕ, ಸೀಟಿನ ಎತ್ತರ ಕೂಡ ನಿಜವಾದ ಸಮಸ್ಯೆಗಳೇ. 350 ಸಿಸಿಯ ಗಾಡಿಗಳು 190 ಕಿಲೊ ಆಸುಪಾಸು ತೂಗುತ್ತವೆ, ಹೆಂಗಸರ ಸರಾಸರಿ ಎತ್ತರ ಕಡಿಮೆ. ಸೀಟು ತಗ್ಗಿಸುವುದು, ಬ್ರೇಕ್, ಕ್ಲಚ್ಚಿನ ಲಿವರನ್ನು ಕೈಗೆ ಹತ್ತಿರ ತರುವುದು ಮೆಕ್ಯಾನಿಕ್‌ಗೆ ದೊಡ್ಡ ಕೆಲಸವಲ್ಲ. ಆದರೆ ಅವಳು ಗಿರಾಕಿ ಎಂದು ಅವನಿಗೆ ಅನ್ನಿಸಬೇಕು.

ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. ಇದು ನನ್ನ ಸ್ವಂತ ಹವ್ಯಾಸ, ಹಾಗಾಗಿ ಇಲ್ಲಿ ನೋವೂ ಹೆಚ್ಚು. ಮುಂಬಯಿಯ ಒಂದು ಕ್ಯಾಮೆರಾ ಮೇಳದಲ್ಲಿ ಹೊಸ ಲೆನ್ಸ್ ಪ್ರಯೋಗಿಸಿ ನೋಡಲೆಂದು ಪುಟ್ಟ ವೇದಿಕೆ ಹಾಕಿದ್ದರು. ಸ್ಟುಡಿಯೊ ದೀಪಗಳ ಕೆಳಗೆ ತೆಳು ಉಡುಪಿನ ಹುಡುಗಿಯೊಬ್ಬಳು ನಿಂತು ಭಂಗಿ ಬದಲಿಸುತ್ತಿದ್ದಳು. ಮುಂದೆ ಮೂರು ಸಾಲು ಗಂಡಸರು, ಕೆಲವರು ಮಂಡಿಯೂರಿ, ಕೆಲವರು ತಲೆಯ ಮೇಲೆ ಕ್ಯಾಮೆರಾ ಎತ್ತಿ. "ಮ್ಯಾಡಮ್, ಇಧರ್! ಮ್ಯಾಡಮ್, ಇಧರ್!" ಎಂಬ ಕೂಗು. ನಾನು ಕ್ಯಾಮೆರಾ ಹಿಡಿದು ಸಾಲಿಗೆ ಸೇರಿದಾಗ ಮಳಿಗೆಯ ಹುಡುಗ ಬಂದು, ನನಗೆ ಫೋಟೊ ತೆಗೆಸಿಕೊಳ್ಳಬೇಕೇ ಎಂದು ಕೇಳಿದ. ಆ ವೇದಿಕೆಯಲ್ಲಿ ನಿಲ್ಲುವುದೊಂದೇ ನನ್ನಂಥವಳ ಕೆಲಸ ಎಂದು ಅವನಿಗೆ ಅನ್ನಿಸಿದ್ದರಲ್ಲಿ ಅವನ ತಪ್ಪೇನೂ ಇಲ್ಲ. ಅಲ್ಲಿ ಕಂಡ ಇನ್ನೊಬ್ಬ ಹೆಣ್ಣು ಇದ್ದದ್ದು ದೀಪದ ಕೆಳಗೇ. ದೀಪದ ಕೆಳಗಿನ ಹುಡುಗಿ ಮಾತ್ರ ದಿನವಿಡೀ ನಿಂತು ದುಡಿಯುತ್ತಿದ್ದವಳು. ಅವಳ ಸಂಬಳದ ಕೆಲಸವನ್ನು ಹಳಿಯಲು ನನಗೆ ಮನಸ್ಸಿಲ್ಲ.

ಇದೇ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮಾಯಿ ವ್ಯಾರಾವಾಲಾ (1913–2012) ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಗಂಡ ಮಾಣೆಕ್‌ಶಾ ಅವರ ಹೆಸರಿನಲ್ಲಿ. ಸ್ವಾತಂತ್ರ್ಯದ ಹೊತ್ತಿನ ದಿಲ್ಲಿಯನ್ನು ಭಾರವಾದ ಕ್ಯಾಮೆರಾ ಹೊತ್ತು, ಸೀರೆಯುಟ್ಟು ಸೆರೆಹಿಡಿದ ಅವರಿಗೆ 2011ರಲ್ಲಿ ಪದ್ಮವಿಭೂಷಣ ಸಂದಿತು. ಇಷ್ಟಾಗಿಯೂ 2017ರಲ್ಲಿ ನಿಕಾನ್ ಕಂಪನಿ ಡಿ850 ಕ್ಯಾಮೆರಾದ ಪ್ರಚಾರಕ್ಕೆ ಏಷ್ಯಾ, ಆಫ್ರಿಕಾಗಳಿಂದ 32 ಛಾಯಾಗ್ರಾಹಕರನ್ನು ಆರಿಸಿದಾಗ ಮೂವತ್ತೆರಡೂ ಮಂದಿ ಗಂಡಸರೇ. ಟೀಕೆ ಬಂದಾಗ, ಆಹ್ವಾನಿಸಿದ್ದ ಹೆಂಗಸರಿಗೆ ಬರಲಾಗಲಿಲ್ಲ ಎಂದು ಕಂಪನಿ ಹೇಳಿತು.

ಡಿಜಿಟಲ್ ಚಿತ್ರದ ಬುಡದಲ್ಲೇ ಇಂಥದೊಂದು ಕಥೆಯಿದೆ. 1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಂಪ್ಯೂಟರಿನ ಚಿತ್ರ ಸಂಸ್ಕರಣೆಯ ಪರೀಕ್ಷೆಗೊಂದು ಚಿತ್ರ ಬೇಕಾದಾಗ, ಅಲ್ಲಿದ್ದವರು ಬೆತ್ತಲೆ ಚಿತ್ರಗಳಿಗೆ ಹೆಸರಾದ ಪ್ಲೇಬಾಯ್ ಪತ್ರಿಕೆಯ 1972ರ ನವೆಂಬರ್ ಸಂಚಿಕೆಯ ನಡುಪುಟದ ರೂಪದರ್ಶಿಯ ಚಿತ್ರವನ್ನು ಭುಜದವರೆಗೆ ಕತ್ತರಿಸಿ ಸ್ಕ್ಯಾನ್ ಮಾಡಿದರು. ‘ಲೆನಾ’ ಎಂದು ಹೆಸರಾದ ಆ ಚಿತ್ರ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ, ಸಂಶೋಧನಾ ಪ್ರಬಂಧಗಳಲ್ಲಿ ಉಳಿಯಿತು. ಇಂಜಿನಿಯರುಗಳ ಜಾಗತಿಕ ಸಂಸ್ಥೆಯಾದ ಐಇಇಇಯ ಕಂಪ್ಯೂಟರ್ ಸೊಸೈಟಿ ಅದನ್ನು ಬಳಸಿದ ಪ್ರಬಂಧಗಳನ್ನು ಸ್ವೀಕರಿಸುವುದಿಲ್ಲ ಎಂದದ್ದು 2024ರ ಏಪ್ರಿಲ್‌ನಿಂದ. ಕತ್ತರಿಸಿದ ಚಿತ್ರದಲ್ಲಿ ಮುಖ, ಟೋಪಿ, ಬರಿಯ ಭುಜ ಬಿಟ್ಟರೆ ಏನೂ ಇಲ್ಲ. ಬಟ್ಟೆ ಅಳೆಯುವವರಿಗೆ ಅದರಲ್ಲಿ ತಪ್ಪು ಸಿಗುವುದಿಲ್ಲ. ಆದರೆ ಅದು ಎಲ್ಲಿಂದ ಬಂತೆಂದು ತಿಳಿದ ವಿದ್ಯಾರ್ಥಿನಿಗೆ, ಆ ಕೋಣೆಯಲ್ಲಿ ಯಾರಿದ್ದರು ಎಂಬುದು ಗೊತ್ತಾಗದೆ ಇರುವುದಿಲ್ಲ.

ನಮ್ಮ ಕಾನೂನೂ ಬಹುಕಾಲ ಬಟ್ಟೆಯನ್ನೇ ಅಳೆಯಿತು. ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ 1986ರದು. ಹೆಸರೇ ಹೇಳುವಂತೆ ಅದರ ಕಣ್ಣಿರುವುದು ಅಸಭ್ಯತೆಯ ಮೇಲೆ, ಸಾರ್ವಜನಿಕ ನೈತಿಕತೆಗೆ ಧಕ್ಕೆಯಾಗುತ್ತದೆಯೇ ಎಂಬುದರ ಮೇಲೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿಯವರೆಗೆ ದಂಡ ಎಂದು ಅದರಲ್ಲಿದೆ. ಬೈಕಿನ ಪಕ್ಕ ಪೂರ್ತಿ ಸೀರೆಯುಟ್ಟ ಹುಡುಗಿಯನ್ನು ನಿಲ್ಲಿಸಿದರೆ ಈ ಕಾಯ್ದೆಗೆ ತಕರಾರಿಲ್ಲ. ಪಾತ್ರ ಹಂಚಿಕೆ ಮಾತ್ರ ಇದ್ದ ಹಾಗೇ ಇರುತ್ತದೆ.

ಈ ದೃಷ್ಟಿಯಿಂದ ಜಾಹೀರಾತು ಮಾನದಂಡ ಮಂಡಳಿ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆಸ್ಕಿ ಎಂದು ಕರೆಯುವ ಈ ಮಂಡಳಿ 1985ರಲ್ಲಿ ಶುರುವಾದದ್ದು, ಮುಂಬಯಿಯಲ್ಲೇ ಇರುವುದು, ಜಾಹೀರಾತು ಉದ್ಯಮವೇ ತನಗೆ ತಾನು ಹಾಕಿಕೊಂಡ ಕಡಿವಾಣ. ಸರಕಿಗೆ ಸಂಬಂಧವೇ ಇಲ್ಲದ ಕಡೆ ನೋಡುಗರನ್ನು ಕೆರಳಿಸಲೆಂದು ಯಾರನ್ನೂ, ಹೆಣ್ಣಾಗಲಿ ಗಂಡಾಗಲಿ, ಲೈಂಗಿಕ ವಸ್ತುವಾಗಿ ತೋರಿಸಬಾರದು ಎಂದು ಅದು ಹೇಳುತ್ತದೆ. ಚಿತ್ರ ಪೂರ್ತಿ ಅಶ್ಲೀಲವಲ್ಲದಿದ್ದರೂ ಸರಕಿಗೆ ಸಂಬಂಧವಿಲ್ಲದ ಪ್ರಚೋದಕ ಭಂಗಿ ಆಕ್ಷೇಪಾರ್ಹವೇ ಎಂದು ಉದಾಹರಣೆ ಕೊಟ್ಟೇ ವಿವರಿಸುತ್ತದೆ. ಒಂದು ಕೆಲಸ ಒಬ್ಬರಿಂದ ಆಗದಿರುವುದಕ್ಕೆ ಅವರು ಹೆಣ್ಣು ಅಥವಾ ಗಂಡು ಎಂಬುದೇ ಕಾರಣವೆಂಬಂತೆ ತೋರಿಸಬಾರದು ಎನ್ನುತ್ತದೆ. ಕಾರು ಪಾರ್ಕ್ ಮಾಡಲು ಬಾರದ ಹೆಂಗಸಿನ ಜೋಕು ಈ ಮಾತಿನಡಿ ಬರುತ್ತದೆ. ಪ್ರಶ್ನೆ ಬಟ್ಟೆಯಿಂದ ಪಾತ್ರಕ್ಕೆ ಸರಿದದ್ದು ಇಲ್ಲಿ.

ಇಂಥ ಪದ್ಧತಿಯನ್ನು ಕೈಬಿಟ್ಟವರಿಗೆ ನಷ್ಟವೇನೂ ಆದಂತಿಲ್ಲ. ಕಾರು ಓಟದ ಸ್ಪರ್ಧೆ ಫಾರ್ಮುಲಾ ಒನ್ 2018ರ ಸೀಸನ್‌ನಿಂದ ಗ್ರಿಡ್ ಗರ್ಲ್‌ಗಳನ್ನು, ಎಂದರೆ ಓಟದ ಮುನ್ನ ಕಾರುಗಳ ಪಕ್ಕ ನಿಲ್ಲಿಸುತ್ತಿದ್ದ ರೂಪದರ್ಶಿಗಳನ್ನು, ಕೈಬಿಟ್ಟಿತು. ನಮ್ಮ ಕೆಲಸ ಹೋಯಿತು, ನಮ್ಮನ್ನು ಯಾರೂ ಕೇಳಲಿಲ್ಲ ಎಂದು ಆ ಹುಡುಗಿಯರಲ್ಲಿ ಕೆಲವರು ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇತ್ತು. ಪದ್ಧತಿಯನ್ನು ನಿಲ್ಲಿಸುವಾಗ ಅದರಲ್ಲಿ ಹೊಟ್ಟೆ ಹೊರೆಯುತ್ತಿದ್ದವರ ಬಗ್ಗೆ ಯೋಚಿಸಬೇಕಿತ್ತು. ಓಟಗಳೇನೂ ನಿಲ್ಲಲಿಲ್ಲ. 2015ರಲ್ಲಿ ಶಾಂಘೈ ಕಾರು ಮೇಳ ರೂಪದರ್ಶಿಗಳಿಲ್ಲದೆ ನಡೆಯಿತು, ಜನ ಕಾರು ನೋಡಲು ಬಂದರು.

ಅತ್ತ ಹೆಂಗಸರು ಆಹ್ವಾನಕ್ಕಾಗಿ ಕಾದು ಕೂತಿರಲಿಲ್ಲ. ಬೈಕರ್ನಿ ಎಂಬ ಮಹಿಳಾ ಬೈಕ್ ಸವಾರರ ಸಂಘ 2011ರಲ್ಲಿ ಹುಟ್ಟಿದ್ದು ಪುಣೆಯಲ್ಲೇ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ (ಎಫ್‌ಐಎಂ) ನಡೆಸುವ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರೇ. ಮರುಭೂಮಿಯ ಮರಳಿನಲ್ಲಿ ಬೈಕ್ ಓಡಿಸಿ ಗೆದ್ದ ಕನ್ನಡ ನಾಡಿನ ಈ ಹೆಣ್ಣುಮಗಳ ಚಿತ್ರ ನಾನಾ ಪೇಠೆಯ ಗೋಡೆಗಳಲ್ಲಿ ನನಗೆ ಎಲ್ಲೂ ಕಾಣಲಿಲ್ಲ.

ಆಸ್ಕಿಗೆ ಯಾರು ಬೇಕಾದರೂ ದೂರು ಕೊಡಬಹುದು, ಶುಲ್ಕವಿಲ್ಲ. ಪತ್ರಿಕೆ, ಟಿವಿ, ಹೋರ್ಡಿಂಗ್, ಇಂಟರ್ನೆಟ್ ಜಾಹೀರಾತುಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. ಜಾಹೀರಾತಿನ ಫೋಟೊ ಅಥವಾ ಕೊಂಡಿ, ಎಲ್ಲಿ ಯಾವಾಗ ಕಂಡಿರಿ ಎಂಬುದು, ನಿಮ್ಮ ಆಕ್ಷೇಪ ಏನು ಎಂಬ ನಾಲ್ಕು ಸಾಲು ಇದ್ದರೆ ಸಾಕು. ಬರೆಯುವಾಗ "ಅಶ್ಲೀಲವಾಗಿದೆ" ಎಂದಷ್ಟೇ ಬರೆದು ಬಿಡಬೇಡಿ. ಚಿತ್ರದಲ್ಲಿರುವವರಿಗೂ ಸರಕಿಗೂ ಏನೂ ಸಂಬಂಧವಿಲ್ಲ, ಅವರನ್ನು ಆಕರ್ಷಣೆಯ ವಸ್ತುವಾಗಿ ಮಾತ್ರ ನಿಲ್ಲಿಸಲಾಗಿದೆ ಎಂದು 2022ರ ಮಾರ್ಗಸೂಚಿಯನ್ನು ಹೆಸರಿಸಿ ಬರೆಯಿರಿ. ಅಂಗಡಿಯ ದಾಸ್ತಾನು ಆಸ್ಕಿಯ ಕೈಗೆ ಸಿಗುವ ವಿಷಯವಲ್ಲ. ಅದಕ್ಕೆ ಕೌಂಟರಿನಲ್ಲೇ ನಿಂತು 540ರ ಫುಲ್ ಫೇಸ್ ಕೇಳಬೇಕು, ಆರ್ಡರ್ ಬರೆಸಬೇಕು. ಮುಂಬಯಿ, ಪುಣೆಯ ನಮ್ಮ ಕನ್ನಡ ಸಂಘಗಳು ಫೋಟೊಗ್ರಫಿ ಶಿಬಿರವನ್ನೋ ಸಹ್ಯಾದ್ರಿ ಚಾರಣವನ್ನೋ ಏರ್ಪಡಿಸಿದಾಗ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಕ್ಯಾಮೆರಾ ಯಾರ ಕೈಯಲ್ಲಿದೆ, ಹಗ್ಗ ಯಾರು ಹಿಡಿದಿದ್ದಾರೆ ಎಂದು ಒಮ್ಮೆ ನೋಡಬಹುದು, ಹೆಂಗಸರ ಅಳತೆಯ ಬೂಟು, ಬ್ಯಾಗು ಬಾಡಿಗೆಗೆ ಸಿಗುತ್ತವೆಯೇ ಎಂಬುದನ್ನೂ ಅದರಲ್ಲೇ ನಮೂದಿಸಬಹುದು.